ಅತ್ತೆ ಎಣಿಸಿದ ಕೃತ್ತಿಕೆ

ಮೊದಲೇ ಹೇಳಿಬಿಡುತ್ತೇನೆ: ಇಲ್ಲಿ ಬರೆಯುವುದರಲ್ಲಿ ಒಂದಷ್ಟು ನಾನೇ ಕೂಡಿಸಿಕೊಂಡದ್ದೂ ಇರಬಹುದು. ಕನಕಪುರದ ಸಂತೆಯಿಂದ ತಂದ ಹೊನಗೊನೆ ಸೊಪ್ಪು ಬಿಡಿಸುತ್ತ ಕೂತಿದ್ದೆ. ಅದರ ಹಸಿ ವಾಸನೆಯ ಹಿಂದೆಯೇ ಅತ್ತೆ ನೆನಪಾದಳು. ಅತ್ತೆ ಎಂದರೆ ಅಪ್ಪನ ತಂಗಿ. ನಾನು ಚಿಕ್ಕವಳಿದ್ದಾಗ ದೊಡ್ಡಆಲಹಳ್ಳಿಯ ನಮ್ಮ ಮನೆಯಲ್ಲಿ ಒಂದು ವರ್ಷವಿಡೀ ಈ ಸೊಪ್ಪಿನದೇ ಸಾರು, ಈ ಸೊಪ್ಪಿನದೇ ಪಲ್ಯ. ಕಣ್ಣಿಗೆ ಒಳ್ಳೆಯದಲ್ಲವೇ. ಕಣ್ಣು ಮಂದವೆಂದು ಹೆಸರಾದದ್ದು ಅತ್ತೆಗೆ, ಸೊಪ್ಪು ತಿಂದದ್ದು ಮನೆಮಂದಿಯೆಲ್ಲ.

ಆ ಹೆಸರು ಬಂದದ್ದು ಒಂದು ಸಂಜೆಯಿಂದ. ಅದು ಕಾರ್ತಿಕದ ಹುಣ್ಣಿಮೆಯೆಂದು ಬಹಳ ವರ್ಷ ನಂಬಿದ್ದೆ. ಡೈರಿಯಲ್ಲೂ ಹಾಗೆಯೇ ಬರೆದಿದ್ದೇನೆ: ಬಾಗಿಲಲ್ಲಿ ದೀಪ, ಮೇಲೆ ತುಂಬುಚಂದ್ರ, ಅವನ ಪಕ್ಕದಲ್ಲಿ ಕೃತ್ತಿಕೆಯ ಪುಟ್ಟ ಗೊಂಚಲು, ಕೆಳಗೆ 'ಪಾಪ, ಅತ್ತೆ' ಎಂದು ಒಂದು ಸಾಲು. ಓದಲು ಚೆನ್ನಾಗಿದೆ. ಆದರೆ ನಲವತ್ತು ದಾಟಿದ ಮೇಲೆ ಬೈನಾಕ್ಯುಲರ್ ಕೊಂಡು ಆಕಾಶ ನೋಡುವ ಹುಚ್ಚು ಹಿಡಿಸಿಕೊಂಡೆನಲ್ಲ, ಆಗ ತಿಳಿಯಿತು: ಕಾರ್ತಿಕದ ಹುಣ್ಣಿಮೆಗೆ ಚಂದ್ರ ಕೃತ್ತಿಕೆಯ ಹತ್ತಿರ ಬರುವುದು ನಿಜ, ಆದರೆ ಅಷ್ಟು ಬೆಳಕಿನಲ್ಲಿ ಆ ಸಣ್ಣ ಚುಕ್ಕಿಗಳು ಕಾಣುವುದೇ ಇಲ್ಲ. ಚಂದ್ರನ ಪಕ್ಕದಲ್ಲಿ ಬರಿಗಣ್ಣಿಗೆ ಅವು ಸಿಗುವುದು ಯುಗಾದಿ ಕಳೆದ ಮೂರ್ನಾಲ್ಕು ದಿನಕ್ಕೆ, ಎಳೆಚಂದ್ರ ಪಡುವಣದಲ್ಲಿ ಅದೇ ಗೊಂಚಲನ್ನು ಹಾಯುವಾಗ. ನನ್ನ ನೆನಪಿನ ದೀಪಗಳನ್ನು ಆರಿಸಬೇಕಾಯಿತು.

ಹಾಗಾದರೆ ಅದು ಯುಗಾದಿಯ ಆಸುಪಾಸೇ. ಹಬ್ಬದ ಮರುದಿನ ಚಂದ್ರನನ್ನು ನೋಡುವುದು ನಮ್ಮ ಕಡೆ ಹೋಳಿಗೆಯಷ್ಟೇ ಮುಖ್ಯ. ಬಡಗಲ ಕೊಂಬು ಎತ್ತರವೋ ತೆಂಕಲ ಕೊಂಬೋ ಎಂದು ವಾದಿಸಿ, ವರ್ಷದ ಮಳೆಬೆಳೆ ತೀರ್ಮಾನಿಸಿ, ಹಿರಿಯರ ಕಾಲಿಗೆ ಬೀಳಬೇಕು. ಆ ವರ್ಷ ಮೋಡ ಮುಚ್ಚಿತ್ತೇನೋ, ಮುಂದಿನ ಸಂಜೆಗಳಲ್ಲೂ ಜನ ಕತ್ತೆತ್ತಿಕೊಂಡೇ ಇದ್ದರು. ಅಂಥದೊಂದು ಸಂಜೆ ಅತ್ತೆಯನ್ನು ನೋಡಲು ರಾಮನಗರದಿಂದ ಗಂಡಿನ ಕಡೆಯವರು ಬಂದರು. ರೇಷ್ಮೆಗೂಡಿನಿಂದ ನೂಲು ತೆಗೆಯುವ ಮನೆ. ಅತ್ತೆ ದಾರಿಯಲ್ಲಿ ಎದುರಾದವರನ್ನೂ ಗುರುತಿಸದೆ ನಡೆದುಬಿಡುತ್ತಾಳೆ ಎಂಬ ಮಾತು ಅವರ ಕಿವಿಗೆ ಬಿದ್ದಿತ್ತು.

ಅಂಗಳದಲ್ಲಿ ನಿಂತು ಗಂಡಿನ ತಾಯಿ ಮೆಲ್ಲಗೆ ಕೇಳಿದರು: "ಆ ಚಂದ್ರನ ಮಗ್ಗುಲಲ್ಲಿ ಎಷ್ಟು ಚುಕ್ಕಿ ಅವೆ, ಹೇಳವ್ವ."

"ಎಲ್ಡು," ಎಂದಳು ಅತ್ತೆ.

"ಒಸಿ ಚೆನ್ನಾಗಿ ನೋಡವ್ವ."

"ನೋಡೇ ಹೇಳ್ತಿರದು. ಎಲ್ಡೇ ಐತೆ."

ಆರು ಚುಕ್ಕಿ ನನಗೇ ಕಾಣುತ್ತಿದ್ದವು. ಅಜ್ಜಿಯ ಮುಖ ಇಳಿದುಹೋಯಿತು. "ಎಳೆ ಕಾಣ್ದೋರು ನಮ್ಮನೇಲಿ ಏನ್ ಮಾಡಾರು?" ಎಂದು ಆ ತಾಯಿ ಬಸ್ಸು ಹತ್ತುವಾಗ ಅಂದರಂತೆ. ಹುಡುಗ ಒಳ್ಳೆಯವನೆಂದು ಅಪ್ಪ ಅದಾಗಲೇ ಹೂಂ ಅಂದಿದ್ದ ಸಂಬಂಧ. ಅಪ್ಪ ಹೂಂ ಅಂದ ಮೇಲೆ ನಮ್ಮ ಮನೆಯಲ್ಲಿ ಬೇರೆ ಯಾರೂ ಊಹೂಂ ಅನ್ನುವಂತಿರಲಿಲ್ಲ.

ಮರುದಿನದಿಂದ ಹೊನಗೊನೆ. ಅತ್ತೆ ಮಾತ್ರ ನಗುನಗುತ್ತಲೇ ಉಣ್ಣುತ್ತಿದ್ದಳು. "ಅವ್ವ, ಇನ್ನೊಸಿ ತಿಂದ್ರೆ ಹಗಲೇ ಚುಕ್ಕಿ ಕಾಣ್ತವೆ ಕಣೆ," ಎಂದರೆ ಅಜ್ಜಿ ಕಣ್ಣೊರೆಸಿಕೊಂಡು ಇನ್ನೊಂದು ಸೌಟು ಬಡಿಸುತ್ತಿದ್ದಳು.

ಕಣ್ಣು ಮಂದದ ಹೆಣ್ಣನ್ನು ಕೇಳಿಕೊಂಡು ಯಾರೂ ಬರಲಿಲ್ಲ, ಒಬ್ಬರ ಹೊರತು. ಒಂದೆರಡು ವರ್ಷದ ಮೇಲೆ ಬಂದ ಅವರು ಮಾಗಡಿಯವರು. ಆ ಸಂಜೆಗೂ ಮೊದಲಿನಿಂದ ಅತ್ತೆ ಹೊಲಿಗೆ ಕಲಿಯಲು ಕನಕಪುರಕ್ಕೆ ಹೋಗಿಬರುತ್ತಿದ್ದ ಬಸ್ಸಿನ ಕಂಡಕ್ಟರು. ಅಜ್ಜಿ ಹುಡುಗಿಯ ಕಣ್ಣಿನ ವಿಷಯ ಮುಚ್ಚಿಡದೆ ಹೇಳಿದಳಂತೆ. "ಚುಕ್ಕಿ ಎಣಿಸೋ ಕೆಲ್ಸ ನಮ್ಮನೇಲಿ ಇಲ್ಲ ಬುಡ್ರವ್ವ," ಅಂದರಂತೆ ಅವರು. ಈ ಸಲ ಅಪ್ಪ ಎರಡನೇ ಮಾತಾಡಲಿಲ್ಲ. ಕಣ್ಣು ಕಾಣದವಳು ಹೊಲಿಗೆ ಹೇಗೆ ಕಲಿತಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ. ಎಂ.ಎ. ಮುಗಿಸಿದ ಮೇಲೂ ನನಗದು ಹೊಳೆಯಲಿಲ್ಲ.

ಕಳೆದ ಯುಗಾದಿಗೆ ಮಾಗಡಿಯ ಅತ್ತೆಯ ಮನೆಯಲ್ಲೇ ನಾಲ್ಕು ದಿನ ಉಳಿದೆ. ಕೊನೆಯ ದಿನ, ಚಂದ್ರ ಕೃತ್ತಿಕೆಯ ಮೇಲೆಯೇ ಹಾಯುವ ಸಂಜೆ. ತಾರಸಿಯಲ್ಲಿ ಬೈನಾಕ್ಯುಲರ್ ಹಿಡಿದು ನಿಂತಿದ್ದೆ. ಚಂದ್ರನ ಬೆಳಕಿಲ್ಲದ ಅಂಚು ಒಂದು ಚುಕ್ಕಿಯ ಹತ್ತಿರ ಹತ್ತಿರ ಸರಿದು, ಮುಟ್ಟಿದ್ದೇ ತಡ, ಯಾರೋ ಬೆರಳಲ್ಲಿ ಒತ್ತಿ ಆರಿಸಿದ ಹಾಗೆ ಅದು ಇಲ್ಲವಾಯಿತು. ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಒಣಗಿದ ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತಿ, ಬರಿಗಣ್ಣಿನಲ್ಲೇ ನೋಡಿ ಅಂದಳು: "ಆಗ್ಲೇ ಆರು ಇದ್ದೋ. ಈಗ ಐದೇಯ."

ಅರವತ್ತು ದಾಟಿದ ಕಣ್ಣು. ನಾನು ಬೈನಾಕ್ಯುಲರ್ ಇಳಿಸಿದೆ. ಇಷ್ಟು ವರ್ಷ ಅವಳಿಗಾಗಿ ಪಟ್ಟ ಮರುಕವನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

"ಏನ್ರಮ್ಮ, ಮೇಲೇನೇ ಲಾಸ್ಟ್ ಸ್ಟಾಪಾ? ಇಳೀರಿ, ಹೊಟ್ಟೆ ಹಸೀತೈತೆ," ಎಂದು ಕೆಳಗಿನಿಂದ ಮಾವ ಕೂಗಿದರು. ರಿಟೈರಾದರೂ ಗಂಟಲು ಇನ್ನೂ ಬಸ್ಸಿನದೇ. ಅತ್ತೆ ನಕ್ಕಳು.

"ಅತ್ತೆ, ಅವತ್ತು ಅಂಗಳದಲ್ಲಿ ನಿಂಗೆ ಎಷ್ಟು ಕಂಡಿದ್ವು?"

ಮಡಿಸಿದ ಬಟ್ಟೆಯನ್ನೆಲ್ಲ ನನ್ನ ತೋಳಿಗೆ ಹೇರಿ ಮೆಟ್ಟಿಲಿಳಿದಳು. ಮೊನ್ನೆ ಫೋನಿನಲ್ಲಿ ಮತ್ತೆ ಅದನ್ನೇ ಕೇಳಿದೆ. "ಇರು ಮಗ, ನಿಮ್ಮಾವಂಗೆ ಕೊಡ್ತೀನಿ," ಅಂದಳು.