ಪಾಳಿಗೆ ಬಿಟ್ಟ ಚಪ್ಪಲಿ

ಬಾಗಿಲ ಬಳಿ ಹರಕು ಚಪ್ಪಲಿ ಕಂಡರೆ ನನಗೆ ಇವತ್ತಿಗೂ ಎದೆ ಧಸಕ್ಕೆನ್ನುತ್ತದೆ.

ಅರವತ್ತರ ದಶಕದಲ್ಲಿ ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ರೋಗಿಗಳು ಎಷ್ಟು ಹೊತ್ತು ಕಾಯುತ್ತಾರೆಂದು ಬರೆದುಕೊಳ್ಳಲು ನನ್ನನ್ನು ಕೂರಿಸಿದ್ದರು. ಕಾಯುವುದನ್ನು ಕಡಿಮೆ ಮಾಡುವ ಲೆಕ್ಕಾಚಾರ ಆಗಷ್ಟೇ ಶುರುವಾಗಿತ್ತು. ಅಲ್ಲಿ ಪಾಳಿ ಹಿಡಿಯುತ್ತಿದ್ದುದು ಚಪ್ಪಲಿಗಳು. ಜನ ಅವನ್ನು ಸಾಲಾಗಿ ಬಿಟ್ಟು ಬೇವಿನ ನೆರಳಲ್ಲಿ ಕೂರುತ್ತಿದ್ದರು. ಪಾಳಿ ಸರಿದಾಗ ಹಿಂದಿನವರು ತಮ್ಮವುಗಳ ಜೊತೆ ಮುಂದಿನವರ ಚಪ್ಪಲಿಯನ್ನೂ ಸರಿಸುತ್ತಿದ್ದರು. ನಾನೂ ಚಪ್ಪಲಿ ನೋಡಿಯೇ ಬರೆದುಕೊಂಡೆ.

ಹನ್ನೊಂದಕ್ಕೆ ಒಂದು ಹರಕು ಜೊತೆ ಡಾಕ್ಟರ ಬಾಗಿಲು ಮುಟ್ಟಿತು. ಯಾರೂ ಬರಲಿಲ್ಲ.

“ಯಾರವ್ರಿ ಇವು?” ಎಂದು ಕೂಗಿದೆ.

“ಬೆಂಗೇರಿ ಮುದುಕೀವ್ರಿ. ಮುಂಜಾನಿಂದ ನಾನ ಸರಸಾಕತ್ತೇನ್ರಿ,” ಎಂದ ಹಿಂದಿನವನು.

ನನ್ನ ಪಟ್ಟಿಯಲ್ಲಿ ಆಕೆ ಎರಡು ತಾಸಿನಿಂದ ನೆಟ್ಟಗೆ ಮುಂದೆ ಬರುತ್ತಿದ್ದಳು. ಇಬ್ಬರೂ ಹುಡುಕುತ್ತ ಓಡಿದೆವು. ಹಿತ್ತಲ ಗೋಡೆಯ ಮರೆಯಲ್ಲಿ ಬಿದ್ದಿದ್ದಳು. ಮೂಗಿನ ಹತ್ತಿರ ಬೆರಳು ಹಿಡಿಯಲು ನನಗೆ ಧೈರ್ಯವಾಗಲಿಲ್ಲ. ಅವನೇ ಹಿಡಿದು, “ಉಸರೈತ್ರಿ,” ಅಂದ.

ಒಳಗೆ ಹೊತ್ತು ತಂದು ಮಲಗಿಸಿದೆವು. ಎಷ್ಟೋ ಹೊತ್ತಿಗೆ ಕಣ್ಣು ಬಿಟ್ಟು ಕೇಳಿದಳು: “ನನ್ನ ಪಾಳಿ ತಪ್ಪಿತೇನಪಾ?”

“ಇಲ್ಲಬೇ, ಬರೋಬ್ಬರಿ ಬಂದೈತಿ,” ಅಂದ ಅವನು.

ಅದು ಖರೇನೇ. ಅವತ್ತಿನ ಪಟ್ಟಿಯಲ್ಲಿ ಒಂದು ತಪ್ಪೂ ಇಲ್ಲವೆಂದು ಮೇಲಿನವರು ನನ್ನನ್ನು ಹೊಗಳಿದರು.