ದೇವದುರ್ಗದ ಉರ್ದು ಕಾರ್ಡುಗಳು

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ನಾನು ರಾಯಚೂರಿನ ಒಂದು ಗ್ರಂಥಾಲಯದಲ್ಲಿ ಸಹಾಯಕಿಯಾಗಿದ್ದೆ. ಕಲ್ಲೂರಿನ ಕೂಲಿ ಮನೆತನದವಳು. ನಮ್ಮ ಓಣಿಯಲ್ಲಿ ನೌಕರಿ ಹಿಡಿದ ಮೊದಲ ಹೆಣ್ಣುಮಗಳು. ಅಲ್ಲಿಯವರೆಗೆ ಪುಸ್ತಕಗಳನ್ನು ಬಂದ ಕ್ರಮದಲ್ಲೇ ದಪ್ಪ ರಿಜಿಸ್ಟರಿನಲ್ಲಿ ಬರೆದಿಡುತ್ತಿದ್ದರು. ಒಂದು ಪುಸ್ತಕ ಹುಡುಕಬೇಕೆಂದರೆ ಹಾಳೆ ಹಾಳೆ ತಿರುವಬೇಕಿತ್ತು. ಇನ್ನು ಮುಂದೆ ಪುಸ್ತಕಕ್ಕೊಂದು ಕಾರ್ಡು ಬರೆದು, ವಿಷಯಕ್ಕೊಂದು ನಂಬರು ಕೊಟ್ಟು, ಮರದ ಡ್ರಾಯರುಗಳಲ್ಲಿ ಜೋಡಿಸಬೇಕೆಂದು ಆದೇಶ ಬಂತು. ದೇವದುರ್ಗ ಮತ್ತು ಮಾನ್ವಿ ಶಾಖೆಗಳ ಕೆಲಸ ನನ್ನ ಪಾಲಿಗೆ ಬಿತ್ತು.

ದೇವದುರ್ಗದ ಶಾಖೆಯೆಂದರೆ ಎರಡು ಕೋಣೆ, ಒಬ್ಬ ಜವಾನ. ನಿಜಾಮರ ಕಾಲದಲ್ಲೇ ಕೆಲಸಕ್ಕೆ ಸೇರಿದವರು, ನಿವೃತ್ತಿಗೆ ಇನ್ನೊಂದು ವರ್ಷವಿತ್ತು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಕನ್ನಡ ಪುಸ್ತಕಗಳ ಕಾರ್ಡು ವಾರದಲ್ಲಿ ಮುಗಿದವು. ಉಳಿದದ್ದು ಎರಡು ಅಲಮಾರಿ ತುಂಬ ಉರ್ದು ಪುಸ್ತಕ. ಅವುಗಳ ರಿಜಿಸ್ಟರೂ ಉರ್ದುವಿನಲ್ಲೇ. ನನಗೆ ಆ ಲಿಪಿ ಬಾರದು.

"ಕಾಕಾ, ನಿಮಗ ಉರ್ದು ಓದಾಕ ಬರ್ತದೇನ್ರಿ?"

ಅವರು ಧೂಳು ಒರೆಸುವ ಬಟ್ಟೆ ಮಡಚಿಟ್ಟರು. "ಬರ್ತದ ಬಿಡವ್ವಾ," ಎಂದರು.

ಮರುದಿನದಿಂದ ಶುರುವಾಯಿತು. ಅವರು ಒಂದೊಂದೇ ಪುಸ್ತಕ ಒರೆಸಿ, ಮೊದಲ ಪುಟ ತೆರೆದು, ಬೆರಳಾಡಿಸಿ ಹೇಳುತ್ತಿದ್ದರು. "ಇದು ಹಕೀಮಿ ಔಷಧದ್ದು. ಇದು ಶಾಯರಿ. ಇದು ಫಕೀರರ ಕಥಿ." ಹೆಸರು, ಬರೆದವರು ಎಲ್ಲ ಹೇಳುತ್ತಿದ್ದರು, ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದೆ. ಕೆಲವು ಪುಸ್ತಕ ಹಿಡಿದಾಗ ಕಿಟಕಿಯ ಕಡೆ ನೋಡುತ್ತ ತಡೆಯುತ್ತಿದ್ದರು. ಕಣ್ಣು ಮಂದವಾಗಿರಬೇಕು ಅಂದುಕೊಂಡೆ. ಕಾರ್ಡಿನ ಕಟ್ಟುಗಳು ಡ್ರಾಯರಿಗೆ ಸೇರಲು ರಾಯಚೂರಿಗೆ ಹೋದವು. ಅಲ್ಲಿನ ಮುಖ್ಯಸ್ಥರಾದ ಸಾಹೇಬರು ನನ್ನ ಅಕ್ಷರ ಹೊಗಳಿದರು.

ಆಮೇಲೆ ಮಾನ್ವಿಗೆ ಹೋದೆ. ಅಲ್ಲಿ ದಿನಾ ಪೇಪರ್ ಓದಲು ಬರುತ್ತಿದ್ದ ನಿವೃತ್ತ ಉರ್ದು ಮಾಸ್ತರರು ತಾವಾಗಿಯೇ ನೆರವಿಗೆ ಕೂತರು. ಮೂರನೇ ದಿನ ಅವರ ಕೈಗೆ ಒಂದು ಕೆಂಪು ರಟ್ಟಿನ ಪುಸ್ತಕ ಬಂತು. ಮೊದಲ ಪುಟದ ಅಂಚಿಗೆ ಬಳ್ಳಿ ಹೂವು. ಅಂಥದ್ದೇ ಪ್ರತಿ ದೇವದುರ್ಗದಲ್ಲಿ ನೋಡಿದ್ದೆ.

"ಇದು ಹಕೀಮಿ ಪುಸ್ತಕ ಅಲ್ರೀ ಸರ್?"

"ಯಾರಂದ್ರವ್ವಾ ನಿಮಗ? ಇದು ಜಮೀನು ಅಳೆಯೋ ಕಾಯ್ದೆದ್ದು."

ಮರುದಿನ ಮೊದಲ ಬಸ್ಸಿಗೆ ದೇವದುರ್ಗಕ್ಕೆ ಹೋಗಿ, ಅಲ್ಲಿನ ಕೆಂಪು ಪುಸ್ತಕ ತೆಗೆದು ಕಾಕಾನ ಕೈಗೆ ಕೊಟ್ಟೆ. ಮಾಸ್ತರರು ಹೇಳಿದ್ದನ್ನೂ ಹೇಳಿದೆ. ಅವರು ಪುಸ್ತಕ ಹಿಡಿದುಕೊಂಡೇ ಹೊಸ್ತಿಲ ಮೇಲೆ ಕೂತುಬಿಟ್ಟರು.

"ಯವ್ವಾ, ನನಗ ಒಂದಕ್ಷರ ಬರಂಗಿಲ್ಲ."

ಕೆಲಸಕ್ಕೆ ಸೇರುವಾಗ ಓದಲು ಬರುತ್ತದೆಯೇ ಎಂದು ಕೇಳಿದ್ದರಂತೆ. ಹೆದರಿ ಹೂಂ ಅಂದಿದ್ದರಂತೆ. ಮುಂದೆ ಓದುಗರು ಪುಸ್ತಕ ಒಯ್ಯುವಾಗ ಇದೇನು ಎಂದು ಕೇಳಿ, ಬಣ್ಣ ದಪ್ಪ ನೋಡಿ ನೆನಪಿಟ್ಟುಕೊಂಡಿದ್ದರು.

"ನೆಪ್ಪಿದ್ದಷ್ಟು ಖರೇನ ಹೇಳೀನಿ. ಉಳಿದದ್ದು ಬಾಯಿಗೆ ಬಂದದ್ದು ಅಂದೀನಿ."

"ಬರಂಗಿಲ್ಲ ಅಂದಿದ್ರ ನಾ ಏನಂತಿದ್ದೆ ಕಾಕಾ?"

"ನೀ ಅಷ್ಟು ಓದಿದಾಕಿ, ಪೆನ್ನು ಹಿಡಕೊಂಡು ನನ್ನ ಮುಂದ ಕುಂತಿ. ಕಾಕಾ ಹೇಳ್ರಿ ಅಂದಿ. ಇಷ್ಟು ವರ್ಷದಾಗ ನನ್ನ ಯಾರೂ ಹಂಗ ಕೇಳಿದ್ದಿಲ್ಲ."

ಸಿಟ್ಟು ಬಂದಿತ್ತು, ಆದರೆ ಹೆಚ್ಚು ಹೊತ್ತು ಉಳಿಯಲಿಲ್ಲ. ಓದು ಬಾರದ ನಮ್ಮಪ್ಪನೂ ಕಂಡಕ್ಟರ್ ಕೊಟ್ಟ ಟಿಕೀಟನ್ನು ಓದಿದವನಂತೆ ಹಿಂದೆ ಮುಂದೆ ನೋಡಿ ಜೇಬಿಗೆ ಹಾಕುತ್ತಿದ್ದ.

ಯಾವುದು ನಿಜ, ಯಾವುದು ಬಾಯಿಗೆ ಬಂದದ್ದು ಅಂತ ಈಗ ಕಾಕಾಗೂ ಹೇಳಲಾಗಲಿಲ್ಲ. ರಾಯಚೂರಿಗೆ ಹೋಗಿ, ಬರೆದುಕೊಳ್ಳುವಾಗ ನನ್ನಿಂದಲೇ ತಪ್ಪಾಗಿದೆ ಎಂದು ಸಾಹೇಬರಿಗೆ ಹೇಳಿದೆ.

"ಎಷ್ಟು ತಪ್ಪ್ಯಾವ?"

"ಗೊತ್ತಿಲ್ರೀ ಸರ್."

"ಗೊತ್ತಿಲ್ಲ ಅಂತ ಮ್ಯಾಲಿನವರಿಗೆ ಹೆಂಗ ಬರೀಲಿ? ಕೆಲಸ ಮುಗದದ ಅಂತ ವರದಿ ಹೋಗ್ಯದ. ಉರ್ದು ಬಲ್ಲವರು ನಮ್ಮಲ್ಲಿ ಯಾರದಾರ? ಸುಮ್ಮನಿರ್ರಿ."

ಪುಸ್ತಕಗಳನ್ನು ಮತ್ತೆ ಓದಿ ಹೇಳಿರೆಂದು ಮಾನ್ವಿಯ ಮಾಸ್ತರರನ್ನೇ ಬೇಡಿಕೊಂಡೆ. ಎರಡು ಭಾನುವಾರ ಅವರು ಬಸ್ಸು ಹತ್ತಿ ದೇವದುರ್ಗಕ್ಕೆ ಬಂದರು. ಕಾಕಾ ಅಲಮಾರಿ ತೆರೆದು, ತಲೆ ಎತ್ತದೆ ಒಂದೊಂದೇ ಪುಸ್ತಕ ಕೊಡುತ್ತಿದ್ದರು. ಮಾಸ್ತರರಿಗೆ ಎಲ್ಲ ತಿಳಿದಿರಬೇಕು. ಒಂದು ಮಾತೂ ಕೇಳಲಿಲ್ಲ. ಒಂದು ಅಲಮಾರಿಯ ಅರ್ಧವಷ್ಟೇ ಆಯಿತು. ಮೂರನೇ ಭಾನುವಾರ ಅವರು ಬರಲಿಲ್ಲ. ಕಣ್ಣಿಗೆ ಪೊರೆ ಬಂದು ಮಗಳು ಹೈದರಾಬಾದಿಗೆ ಕರೆದೊಯ್ದಿದ್ದಳು. ನಾನು ಬರೆದ ಕಾಗದಕ್ಕೆ ಅಳಿಯ ಉತ್ತರ ಕೊಟ್ಟರು: ಮಾವನವರಿಗೆ ಈಗ ಓದಲಾಗುತ್ತಿಲ್ಲ.

ಕಾಕಾ ನಿವೃತ್ತರಾದ ದಿನ ಬೀಗದ ಕೈ ನನ್ನ ಕೈಯಲ್ಲಿಟ್ಟು, "ನೀ ಯಾರಿಗೂ ಹೇಳಲಿಲ್ಲಲ್ಲ ಯವ್ವಾ," ಎಂದರು. ನಾನು ಚಹಾ ತರಿಸಿದೆ.

ಎಂಬತ್ತರ ದಶಕದಲ್ಲಿ ನನ್ನನ್ನು ರಾಯಚೂರಿನಲ್ಲೇ ಕಾರ್ಡಿನ ಡ್ರಾಯರುಗಳ ಹತ್ತಿರ ಕೂರಿಸಿದರು. ಗಿಲ್ಲೆಸುಗೂರಿನ ಹಿರಿಯರೊಬ್ಬರು ತೋಟ ಮಾಡುವ ಬಗೆಗಿನ ಒಂದು ಉರ್ದು ಪುಸ್ತಕದ ಕಾರ್ಡು ಹಿಡಿದು, ಅದು ದೇವದುರ್ಗದಲ್ಲಿ ಸಿಗುತ್ತದೆಯೇ ಎಂದರು. ನನ್ನದೇ ದುಂಡನೆಯ ಅಕ್ಷರ. "ಖಾತ್ರಿ ಹೇಳಾಕ ಆಗಂಗಿಲ್ರೀ, ತಪ್ಪಿರಬಹುದು," ಎಂದೆ. ಆದರೂ ಅವರು ಹೋದರು. ಮುಂದಿನ ವಾರ ಬಂದು, ಸಿಟ್ಟಿಲ್ಲದೆ ಹೇಳಿದರು:

"ಅದು ನಮಾಜಿನ ಪುಸ್ತಕ ಅದ ರೀ. ತಿದ್ದಿಕೋರಿ."

ಅವರ ಎದುರಿಗೇ ತಿದ್ದಿದೆ. ಅವರು ಹೋದ ಮೇಲೆ ಹಿಂದಿನ ಕಾರ್ಡು, ಮುಂದಿನ ಕಾರ್ಡು ತೆಗೆದು ನೋಡಿದೆ. ಎರಡೂ ಚೆಂದ ಬರೆದಿದ್ದವು. ಸರಿಯೋ ತಪ್ಪೋ ಹೇಳಲು ನನಗೆ ದಾರಿಯೇ ಇರಲಿಲ್ಲ.