ಅಂಗೈಯಲ್ಲಿ ನಿಂತ ಉಂಡೆ ಕೊಬ್ಬರಿ

ಶಿವಗಂಗಮ್ಮನವರನ್ನು ನಾನು ಮೊದಲು ನೋಡಿದ್ದು ಅರಸೀಕೆರೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ, ಫಿಸಿಯೋಥೆರಪಿ ಕೋಣೆಯ ಬಾಗಿಲಲ್ಲಿ. ಓದು ಮುಗಿಸಿ ನಾನು ಅಲ್ಲಿ ಕೆಲಸಕ್ಕೆ ಸೇರಿದ್ದ ಹೊಸತು. ಅವರು ಹೊರಗೇ ಚಪ್ಪಲಿ ಬಿಟ್ಟರು. ಗೋಡೆಯ ಪಕ್ಕದಲ್ಲಿದ್ದ ಕಬ್ಬಿಣದ ತೂಕಗಳನ್ನು ಒಮ್ಮೆ ನೋಡಿ, ಆಮೇಲೆ ನನ್ನನ್ನು ನೋಡಿದರು. ಹಸಿರು ಅಂಚಿನ ಸೀರೆ, ಹಣೆಯ ತುಂಬ ವಿಭೂತಿ. ಎಡಗೈಯನ್ನು ಹಳೆಯ ಪಂಚೆಯ ತುಂಡಿನಿಂದ ಮೈಗೆ ಬಿಗಿದು ಕಟ್ಟಲಾಗಿತ್ತು. ಬೆರಳುಗಳು ಊದಿಕೊಂಡಿದ್ದವು.

ಜೊತೆಗಿದ್ದ ಮಗ ಇಂದ್ರೇಶ್ ವಿಷಯ ಹೇಳಿದರು. ಕೊಬ್ಬರಿಗೆಂದು ಅಟ್ಟದಲ್ಲಿ ಹಾಕಿದ್ದ ಕಾಯಿ ಒಣಗಿದೆಯೇ ಎಂದು ನೋಡಲು ಹೋದವರು ಏಣಿಯಿಂದ ಜಾರಿ ಬಿದ್ದಿದ್ದರು. ಎಡತೋಳಿನ ಮೂಳೆ ಮುರಿದಿತ್ತು. ಹಾಸನದಲ್ಲಿ ಆಪರೇಷನ್ ಮಾಡಿ, ಭುಜದ ಕಡೆಯಿಂದ ಮೂಳೆಯ ಪೊಳ್ಳಿನೊಳಗೆ ಲೋಹದ ಸಲಾಕೆ ತೂರಿಸಿ, ಅದು ತಿರುಗದಂತೆ ಮೇಲೆ ಕೆಳಗೆ ಸ್ಕ್ರೂ ಹಾಕಿದ್ದರು. ದಿನವೂ ಕೈ ಆಡಿಸಬೇಕೆಂದು ಅಲ್ಲಿನ ಡಾಕ್ಟರು ಹೇಳಿಯೇ ಕಳಿಸಿದ್ದರು.

"ಮತ್ತೆ ಯಾಕಮ್ಮಾ ಹೀಗೆ ಕಟ್ಟಿಕೊಂಡಿದ್ದೀರಿ?" ಎಂದು ಕೇಳಿದೆ.

"ಮುರಿದ ಮೂಳೆ ಅಲ್ಲಾಡಿದ್ರೆ ಕೂಡ್ಕಂತೈತಾ? ಹಳೇಬೀಡಲ್ಲಿ ನಮ್ಮಣ್ಣನ ಕೈಗೆ ಬಿದಿರು ದಬ್ಬೆ ಇಟ್ಟು ಕಟ್ಟಿದ್ರು. ಅಲ್ಲಾಡಿಸ್ದೆ ಇದ್ದುದಕ್ಕೇ ಕೂಡ್ಕಂತು."

"ನಾನೂ ಹೇಳ್ದೆ ಮೇಡಂ," ಎಂದರು ಇಂದ್ರೇಶ್. "ನಮ್ಮವ್ವ ಡಾಕ್ಟ್ರಿಗೇ ದಬ್ಬೆ ಕಟ್ಟೋರು."

ಭುಜ ಆಗಲೇ ಬಿಗಿದುಕೊಂಡಿರಬಹುದೆಂದು ನನಗೆ ಹೆದರಿಕೆಯಾಯಿತು. ಹೀಗೇ ಬಿಟ್ಟರೆ ಮೂಳೆ ಕೂಡಿದರೂ ಕೈ ಮೇಲೇಳುವುದಿಲ್ಲ ಎಂದೆ. ಅವರು ಊದಿದ ಬೆರಳುಗಳನ್ನು ನೋಡಿಕೊಂಡರು.

"ಅಂಗೈ ಕಣ್ಣಿನ ಮಟ್ಟಕ್ಕಾದ್ರೂ ಬತ್ತೈತಾ?"

ಅವರದು ಲಿಂಗಪೂಜೆಯ ಮನೆ. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಕಣ್ಣಿನ ನೇರಕ್ಕೆ ಹಿಡಿದು ಪೂಜಿಸುವುದು ಚಿಕ್ಕಂದಿನಿಂದ ಬಂದ ರೂಢಿ. "ಈಗ ಹೊಟ್ಟೆ ಹತ್ರ ಇಟ್ಕಂಡು ತಲೆ ಬಗ್ಸಿ ನೋಡ್ತಾ ಇವ್ನಿ. ಲಿಂಗಯ್ಯನ್ನ ಅಷ್ಟು ಕೆಳಗಿಟ್ಟು ನೋಡೋದು ಹೆಂಗವ್ವಾ?"

ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದೆ. ಮೂಳೆಯ ನಡುವೆ ಉದ್ದಕ್ಕೂ ಬೆಳ್ಳಗೆ ನಿಂತಿದ್ದ ಸಲಾಕೆಯನ್ನು ಅವರು ಹತ್ತಿರ ಬಂದು ನೋಡಿದರು.

"ಅಂದ್ರೆ ದಬ್ಬೆ ಒಳಗೇ ಇಟ್ಟವ್ರೆ."

"ಹೌದಮ್ಮಾ."

"ಮತ್ತೆ ಹೊರಗಡೆ ಇದ್ಯಾಕೆ? ಬಿಚ್ಚೋ ಇಂದ್ರ."

ಬಿಚ್ಚಿದ ಬಟ್ಟೆಯನ್ನು ಅವರು ಮತ್ತೆ ಕಟ್ಟಲಿಲ್ಲ. ಕೈ ಆಡಿಸುವಾಗ ನೋವಿಗೆ ಕಣ್ಣಲ್ಲಿ ನೀರು ಬಂದರೂ ಸಾಕು ಎಂದವರಲ್ಲ. ಕೈಗೆ ಬಲ ಬರುವ ಮೊದಲು ಲಿಂಗವನ್ನು ಎತ್ತಲು ಹೋದರೆ ಬಿದ್ದೀತೆಂಬ ಭಯ. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡರು. ಮನೆಯಲ್ಲಿ ಅಭ್ಯಾಸಕ್ಕೆ ಅಂಗೈಯಲ್ಲಿ ಒಡೆಯದ ಉಂಡೆ ಕೊಬ್ಬರಿ ಇಟ್ಟುಕೊಂಡು ಕೈ ಎತ್ತುತ್ತಿದ್ದರು. ಕೈ ನಡುಗಿದರೆ ಅದು ಉರುಳುತ್ತಿತ್ತು.

"ಇವತ್ತು ನಮ್ಮತ್ತೆ ಕೊಬ್ಬರಿ ಬಚ್ಚಲು ತನಕ ಓಡ್ತು ಮೇಡಂ. ನಾನೇ ಹಿಡ್ಕೊಂಡು ಬಂದೆ," ಎಂದು ಸೊಸೆ ಶಿಲ್ಪಾ ಒಮ್ಮೆ ದೂರು ಹೇಳಿದರು.

"ನಿಂಗೂ ವ್ಯಾಯಾಮ ಆಗ್ಲಿ ಬಿಡೇ," ಎಂದರು ಅತ್ತೆ.

ನಡುವೆ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಬಹಳ ದಿನ ಮೇಲೆ ಹೋಗಲಿಲ್ಲ. ನಾನು ಒಳಗೊಳಗೇ ಕುಗ್ಗಿದೆ. ಅವರು ಮಾತ್ರ ಎದೆಯಿಂದ ಕಣ್ಣಿನವರೆಗೆ ಬಲಗೈಯಲ್ಲಿ ಅಳೆದು, "ಇನ್ನು ಗೇಣಷ್ಟೇ ಕಣವ್ವ, ಬತ್ತೈತೆ ಬಿಡು," ಎಂದು ನನಗೇ ಧೈರ್ಯ ಹೇಳಿದರು.

ಒಂದು ಸೋಮವಾರ ಬಂದವರು ನೇರವಾಗಿ ಕುರ್ಚಿಯಲ್ಲಿ ಕುಳಿತರು. ಚೀಲದಿಂದ ಕೊಬ್ಬರಿ ತೆಗೆದು ಎಡ ಅಂಗೈಯಲ್ಲಿಟ್ಟು, ನಿಧಾನವಾಗಿ ಮೇಲೆತ್ತಿದರು. ಅದು ಕಣ್ಣಿನ ನೇರಕ್ಕೆ ಬಂದು ಅಲುಗಾಡದೆ ನಿಂತಿತು.

"ಇವತ್ತು ಬೆಳಗ್ಗೆ ಪೂಜೇಲಿ ತಲೆ ಬಗ್ಗಿಸ್ಲಿಲ್ಲ ಕಣವ್ವ," ಎಂದರು.

ಆ ಕೊಬ್ಬರಿಯನ್ನು ಅಲ್ಲೇ ಒಡೆಸಿ ನನಗೂ ಒಂದು ಹೋಳು ಕೊಟ್ಟರು.

ಶಿವಗಂಗಮ್ಮನವರು ಈಗ ಬೆಳಗ್ಗೆ ಲಿಂಗಪೂಜೆ ಮುಗಿಸಿ ತಮ್ಮ ಕೊಬ್ಬರಿ ವ್ಯಾಪಾರದ ಮಂಡಿಗೆ ಹೋಗಿ, ಎರಡೂ ಕೈಯಿಂದ ಕೊಬ್ಬರಿ ವಿಂಗಡಿಸುತ್ತಾರೆ. ಅಟ್ಟ ಹತ್ತುವ ಕೆಲಸವೊಂದನ್ನು ಇಂದ್ರೇಶ್‌ಗೆ ಬಿಟ್ಟಿದ್ದಾರೆ.